ಕಸಿಲ್ದಾ ಡಾಕ್ಟರಮ್ಮನ ಹಾಳೆ

ಇತಾ ಮೊರೊತಿ ಎಂಬ ಊರಿನ ಸುತ್ತಿನ ಏಳು ಕೇರಿಗಳಲ್ಲಿ ಸಕ್ಕರೆ ಕಾಯಿಲೆಯವರನ್ನು ಯಾರನ್ನೇ ಕೇಳಿ, ಡಾಕ್ಟರ್ ಕಸಿಲ್ದಾ ಓವೆಲಾರ್ ದೇವರಂಥ ಹೆಂಗಸು ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಅವಳ ಮುಖ ಹುಳ್ಳಗಾಗುತ್ತದೆ. ಜನ ಅದನ್ನು ವಿನಯ ಎಂದುಕೊಂಡು ಇನ್ನಷ್ಟು ಹೊಗಳುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಮಾಡಿದ ತಪ್ಪು ಗಂಟಲಲ್ಲಿ ಸಿಕ್ಕಿಕೊಂಡವರ ಮುಖ ಹಾಗೇ ಇರುತ್ತದೆ.

ಅವಳು ಹೊರಗಿನವಳಲ್ಲ. ಇದೇ ಸೀಮೆಯ ಸೂಲಗಿತ್ತಿಯೊಬ್ಬಳ ಮಗಳು. ರಾಜಧಾನಿ ಅಸುನ್ಸಿಯೋನಿಗೆ ಹೋಗಿ ಡಾಕ್ಟರಿಕೆ ಓದಿದಳು. ಅಲ್ಲೇ ದೊಡ್ಡ ಆಸ್ಪತ್ರೆಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಿಡಿದು ಕೂರಬಹುದಾಗಿತ್ತು. ಕೂರಲಿಲ್ಲ. ವಾರಕ್ಕೆ ಮೂರು ದಿನ ಕೆಂಪು ಧೂಳಿನ ದಾರಿಯಲ್ಲಿ ಹಳೇ ಜೀಪು ಓಡಿಸಿಕೊಂಡು ಬಂದು ಮನೆಮನೆ ಹತ್ತಿಳಿಯುತ್ತಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಇನ್ನೂರ ಹನ್ನೆರಡು ಜನರ ಸಕ್ಕರೆ ನೋಡ್ಕೊಳೋದೇ ಸಾಕಾಗಿದೆ. ಇನ್ನು ಒಬ್ಬನ ಉಪ್ಪು ಖಾರ ಯಾರು ನೋಡ್ತಾರೆ?" ಎನ್ನುತ್ತಿದ್ದಳು.

ಆ ಇನ್ನೂರ ಹನ್ನೆರಡು ಜನ ಅವಳ ಸಂಶೋಧನೆಗೆ ಸೇರಿದವರು. ಎಲ್ಲರಿಗೂ ಸಕ್ಕರೆ ಕಾಯಿಲೆ, ಜೊತೆಗೆ ಹೃದಯವೂ ಸೋತದ್ದು. ಸಕ್ಕರೆ ಇಳಿಸಲು ಇನ್ಸುಲಿನ್ ಬೇಕು, ಹೃದಯದ ಓಟ ತಗ್ಗಿಸಲು ಮಾತ್ರೆ ಬೇಕು. ಬೇರೆ ಬೇರೆಯಾಗಿ ಎರಡೂ ಒಳ್ಳೆಯವೇ. ಒಂದೇ ಮೈಯಲ್ಲಿ ಸೇರಿದರೆ ಒಂದು ತಂಟೆ ಇದೆ. ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆ ತೀರಾ ಕುಸಿದರೆ ಕೈ ನಡುಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಹಾಗೆ ಮೈ ತಾನೇ ಕೂಗಿ ಹೇಳುತ್ತದೆ. ಈ ಮಾತ್ರೆ ಆ ಕೂಗನ್ನು ಅಡಗಿಸಿಬಿಡುತ್ತದೆ. ಉಳಿಯುವ ಗುರುತು ಬೆವರು ಒಂದೇ. ನಡುಬೇಸಿಗೆಯ ಜನವರಿ ಬಿಸಿಲಲ್ಲಿ ಈ ಸೀಮೆಯಲ್ಲಿ ಬೆವರದ ಪ್ರಾಣಿ ಯಾವುದು? ಅದಕ್ಕೇ ಪೇಟೆಯ ಡಾಕ್ಟರುಗಳು ಹಳ್ಳಿಯವರಿಗೆ ಎರಡನ್ನೂ ಒಟ್ಟಿಗೆ ಬರೆದುಕೊಡಲು ಹಿಂಜರಿಯುತ್ತಿದ್ದರು. ಹಳ್ಳಿಯವರು ಒಂದೋ ಎರಡೋ ವರ್ಷ ಮುಂಚೆ ಸಾಯುತ್ತಿದ್ದರು, ಅಷ್ಟೇ.

ಕಸಿಲ್ದಾಗೆ ಈ ಹಿಂಜರಿಕೆ ಕಂಡರೆ ಮೈ ಉರಿಯುತ್ತಿತ್ತು. ಮನೆಯವರಿಗೆ ಸರಿಯಾಗಿ ಹೇಳಿಕೊಟ್ಟರೆ ಎರಡನ್ನೂ ಕೊಡಬಹುದು ಎಂದು ತೋರಿಸುವುದೇ ಅವಳ ಮೂರು ವರ್ಷದ ಕೆಲಸ. ಅದಕ್ಕೆಂದೇ ಅವಳು ಒಂದು ಹಾಳೆ ಬರೆದಳು. ಗೋಡೆಗೆ ಅಂಟಿಸುವಂಥದ್ದು, ಗ್ವಾರಾನಿ ಭಾಷೆಯಲ್ಲಿ, ಹತ್ತು ಸಾಲು.

ಸಂಶೋಧನೆಗೆ ಒಪ್ಪಿಗೆ ಕೊಡುವ ರಾಜಧಾನಿಯ ಸಮಿತಿಯವರು ಹಾಳೆ ನೋಡಿ ಮೂಗು ಮುರಿದರು. ಅದರಲ್ಲಿ ಆರನೇ ಸಾಲು ಹೀಗಿತ್ತು: ತಣ್ಣನೆಯ ಬೆವರು ಬಂದರೆ ತಕ್ಷಣ ಏನಾದರೂ ಸಿಹಿ ಕುಡಿಸಿ.

"ಹದಿನೈದು ಗ್ರಾಂ ಗ್ಲೂಕೋಸ್ ಅಂತ ಬರೀಬೇಕು," ಎಂದರು ಅಧ್ಯಕ್ಷರು.

"ನಮ್ಮ ಅಡುಗೆಮನೇಲಿ ತಕ್ಕಡಿ ಇರಲ್ಲ ಸ್ವಾಮಿ. ಗ್ರಾಂ ಅಂದ್ರೆ ನಮ್ಮೋರು ಔಷಧಿ ಅಂಗಡಿಗೆ ಬಸ್ ಹತ್ತುತಾರೆ. ಬಸ್ ಬರೋಷ್ಟರಲ್ಲಿ ಕಥೆ ಮುಗಿದಿರತ್ತೆ."

"ಹೋಗ್ಲಿ, ಸಕ್ಕರೆ ಅಂತಾದ್ರೂ ಬರೀರಿ."

"ಸಕ್ಕರೆ ವಿಷ, ಮನೇಲಿ ಇಡಬೇಡಿ ಅಂತ ಆರು ವರ್ಷದಿಂದ ನಾನೇ ಹೇಳ್ಕೊಂಡು ಬಂದಿದ್ದೀನಿ. ಈಗ ಸಕ್ಕರೆ ಕೊಡಿ ಅಂದ್ರೆ ಹೆದರ್ತಾರೆ. ಏನಾದ್ರೂ ಸಿಹಿ ಅಂದ್ರೆ ಜೇನೋ, ಕಬ್ಬಿನ ಹಾಲೋ, ಕೈಗೆ ಸಿಕ್ಕಿದ್ದು ಕೊಡ್ತಾರೆ. ನಮ್ಮ ಜನ ನನಗೆ ಗೊತ್ತು."

ಪಟ್ಟು ಹಿಡಿದಳು, ಗೆದ್ದಳು. ಸಭೆಯಿಂದ ಹೊರಬಂದಾಗ ಅವಳಿಗೆ ಕೊಂಚ ಜಂಬವೇ ಆಗಿತ್ತು. ನಮ್ಮ ಜನ ನನಗೆ ಗೊತ್ತು ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಗೊತ್ತಿರುವುದು ನಿಜವೇ. ಮುಕ್ಕಾಲು ಪಾಲು ಗೊತ್ತಿರುತ್ತದೆ.

ಸಂಶೋಧನೆಗೆ ಸೇರಿದವರಲ್ಲಿ ನ್ಯಾ ಸೆಫೆರಿನಾ ಎಂಬ ಅರವತ್ತಮೂರರ ಹೆಂಗಸು ಒಬ್ಬಳು. ನ್ಯಾ ಅಂದರೆ ಇಲ್ಲಿ ಹಿರಿಯ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಸಾವಿನ ಮನೆಗಳಲ್ಲಿ ಒಂಬತ್ತು ದಿನದ ಪ್ರಾರ್ಥನೆ ಹೇಳಿಸುವವಳು. ಅವಳ ಕಂಠ ಕೇಳಿದರೆ ಸತ್ತವನ ಸಾಲಗಾರರೂ ಕಣ್ಣೊರೆಸಿಕೊಳ್ಳುತ್ತಾರೆ ಎಂದು ಊರು ತಮಾಷೆ ಮಾಡುತ್ತಿತ್ತು. ಮಗಳು ಎಲಿಹಿಯಾ, ಶಾಲೆಯ ಮಕ್ಕಳಿಗೆ ಬಿಳಿ ಮೇಲಂಗಿ ಹೊಲಿಯುವವಳು. ಮೂವತ್ತೈದು ದಾಟಿದವಳು. ತಾಯಿಯನ್ನು ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ.

ತಾಯಿಗೆ ಸಕ್ಕರೆ ಕಾಯಿಲೆ ಎಂದು ಕಸಿಲ್ದಾ ಹೇಳಿದ ದಿನವೇ ಎಲಿಹಿಯಾ ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಬೆಲ್ಲದ ಪಾಕ, ಜೇನು, ಒಂದೂ ಉಳಿಸಲಿಲ್ಲ. ಅದರ ಬದಲು ಹಿತ್ತಲಲ್ಲಿ ಎರಡು ಸಾಲು ಸಿಹಿಸೊಪ್ಪು ನೆಟ್ಟಳು. ನಮ್ಮ ಕಾಡಿನ ಗಿಡವೇ ಅದು. ಒಂದೆಲೆ ಬಾಯಿಗೆ ಹಾಕಿಕೊಂಡರೆ ಸಕ್ಕರೆಗಿಂತ ಸಿಹಿ, ಆದರೆ ಅದರಲ್ಲಿ ಸಕ್ಕರೆ ಇಲ್ಲ. ನಾಲಿಗೆಗೆ ಸಿಗುತ್ತದೆ, ರಕ್ತಕ್ಕೆ ಏನೂ ಸಿಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ವರ ಎಂದೇ ಎಲ್ಲರೂ ಬಳಸುವುದು. ಕಸಿಲ್ದಾ ಆ ಮನೆಯನ್ನು ನೋಡಿ ಹಿಗ್ಗಿಹೋಗಿದ್ದಳು. ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆತಂದು, "ನೋಡ್ರಪ್ಪ, ಮನೆ ಅಂದ್ರೆ ಹೀಗಿರಬೇಕು. ಸಕ್ಕರೆ ಒಂದು ಕಾಳೂ ಇಲ್ಲ," ಎಂದು ತೋರಿಸಿದ್ದಳು. ಸಿಹಿಸೊಪ್ಪು ಹಾಕಿದ ಮಾಟೆ ಕಷಾಯ ಎರಡು ಲೋಟ ಕುಡಿದಿದ್ದಳು. ಅದೇ ಮನೆಯ ಗೋಡೆಯ ಮೇಲೆ ಅವಳ ಹಾಳೆಯೂ ಅಂಟಿಕೊಂಡಿತ್ತು. ಸೊಪ್ಪನ್ನೂ ಹಾಳೆಯನ್ನೂ ಒಟ್ಟಿಗೆ ನೋಡಿದ ಕಣ್ಣು ಅವಳದೇ.

ಎರಡನೇ ವರ್ಷದ ಜನವರಿಯಲ್ಲಿ ನ್ಯಾ ಸೆಫೆರಿನಾ ಸತ್ತಳು. ಹೃದಯ ನಿಂತು ಸಾವು ಎಂದು ಆರೋಗ್ಯ ಕೇಂದ್ರದವರು ಬರೆದರು. ಹೃದಯ ಸೋತವಳೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕಸಿಲ್ದಾ ಒಂಬತ್ತನೇ ದಿನದ ಪ್ರಾರ್ಥನೆಗೆ ಹೋದಳು. ಊರಿಗೆಲ್ಲ ಪ್ರಾರ್ಥನೆ ಹೇಳಿಸಿದವಳಿಗೆ ಮಗಳೇ ಹೇಳಿಸುತ್ತಿದ್ದಳು. ಊಟಕ್ಕೆ ಎಲ್ಲರೂ ಕೂತ ಮೇಲೆ ಎಲಿಹಿಯಾ ಡಾಕ್ಟರನ್ನು ಹಿತ್ತಲ ಬಾಗಿಲ ಹತ್ತಿರ ಕರೆದಳು.

"ಡಾಕ್ಟರಮ್ಮ, ನಿಮಗೊಂದು ಹೇಳ್ಬೇಕು. ಕಡೇ ಗಳಿಗೇಲಿ ನಾನು ಗಾಬರಿ ಬೀಳ್ಲಿಲ್ಲ. ನಿಮ್ಮ ಹಾಳೆ ನೋಡ್ಕೊಂಡೇ ಮಾಡ್ದೆ."

"ಏನು ಮಾಡ್ದೆ ಮಗಳೇ?"

"ಅವತ್ತು ಅಮ್ಮ ಬೆಳಿಗ್ಗೆ ಇಂಜೆಕ್ಷನ್ ತಗೊಂಡು ಬೆನಿತೆಸ್ ಮನೆಗೆ ಪ್ರಾರ್ಥನೆಗೆ ಹೋದ್ಲು. ಅವರ ಮಗ ಬ್ಯೂನಸ್ ಐರಿಸ್‌ನಿಂದ ಬರೋದು ತಡ ಆಯ್ತು, ಹೆಣ ಎತ್ತಲಿಲ್ಲ, ಅಮ್ಮ ಊಟಾನೂ ಮಾಡ್ಲಿಲ್ಲ. ಎರಡು ಗಂಟೆಗೆ ಬಂದ್ಲು. ಮೈ ಮುಟ್ಟಿದ್ರೆ ತಣ್ಣನೆ ಬೆವರು. ಬಿಸಿಲ ಬೆವರು ಬೇರೆ, ಇದು ಬೇರೆ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ? ತಕ್ಷಣ ಗೊತ್ತಾಯ್ತು. ಓಡಿಹೋಗಿ ಸಿಹಿಸೊಪ್ಪು ಕಿತ್ತು, ಜಜ್ಜಿ, ನೀರಲ್ಲಿ ಹಿಂಡಿ ಎರಡು ಲೋಟ ಕುಡಿಸ್ದೆ. 'ಎಷ್ಟು ಸಿಹಿ ಮಾಡಿದ್ದೀಯೇ, ಹುಚ್ಚಿ' ಅಂತ ಬೈದ್ಲು. ಆಮೇಲೆ ಮಲಗಿದ್ಲು. ಸಮಾಧಾನ ಆಯ್ತು ಅಂತ ನಾನು ಹೊಲಿಯೋಕೆ ಕೂತೆ. ನಾಲ್ಕು ಗಂಟೆಗೆ ಎಬ್ಬಿಸೋಕೆ ಹೋದ್ರೆ ಹೋಗಿಬಿಟ್ಟಿದ್ಲು. ಹೃದಯ ಅಂತೆ. ಅದಕ್ಕೆ ಯಾರೇನು ಮಾಡಕ್ಕಾಗತ್ತೆ? ಆದ್ರೆ ನನ್ನ ಕೈಲಾಗೋದು ಮಾಡ್ದೆ ಅನ್ನೋ ಸಮಾಧಾನ ಇದೆ. ಅದಕ್ಕೆ ನಿಮಗೆ ದೊಡ್ಡ ನಮಸ್ಕಾರ."

ಕಸಿಲ್ದಾಗೆ ಕೂಡಲೇ ಅರ್ಥವಾಯಿತು. ಎರಡು ಲೋಟ ಬರೀ ನೀರು. ಮೂರು ಚಮಚ ಸಕ್ಕರೆ ಕದಡಿದ್ದರೆ ಕಾಲು ಗಂಟೆಯಲ್ಲಿ ಎದ್ದು ಕೂತು ಮಗಳನ್ನು ಇನ್ನೊಂದಷ್ಟು ಬೈಯುತ್ತಿದ್ದ ಹೆಂಗಸು. ಸಮಿತಿಯ ಕೋಣೆ ಕಣ್ಣ ಮುಂದೆ ಬಂತು. ಸಕ್ಕರೆ ಅಂತಾದರೂ ಬರೆಯಿರಿ ಎಂದ ದನಿ ಕಿವಿಯಲ್ಲಿ ಕೇಳಿತು. ಅವಳು ಎಲಿಹಿಯಾಳ ಎರಡೂ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೇ: "ನೀನು ಚೆನ್ನಾಗಿ ನೋಡ್ಕೊಂಡೆ ಮಗಳೇ."

ಈ ಮಾತಿಗಾಗಿ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಜೀಪಿಗೆ ಬಂದು ಕೂತಾಗ ನೆಪಗಳು ತಾವಾಗಿಯೇ ಸಾಲುಗಟ್ಟಿ ಬಂದವು. ತಾಯಿಯನ್ನು ಕಳೆದುಕೊಂಡ ಹೆಣ್ಣಿಗೆ ನೀನು ಕೊಟ್ಟದ್ದು ಕೆಲಸಕ್ಕೆ ಬಾರದ ನೀರು ಎಂದು ಹೇಳುವುದು ಕ್ರೌರ್ಯವಲ್ಲವೇ? ರಕ್ತ ಪರೀಕ್ಷೆ ಆಗಿಲ್ಲ, ಹೃದಯವೇ ನಿಂತಿರಬಹುದಲ್ಲವೇ? ವಿಜ್ಞಾನ ಓದಿದವರಿಗೆ ಖಚಿತವಿಲ್ಲ ಎನ್ನುವ ಮಾತಿನಷ್ಟು ಮೆತ್ತನೆಯ ಹಾಸಿಗೆ ಇನ್ನೊಂದಿಲ್ಲ. ಅವಳು ಅದರ ಮೇಲೆ ಮಲಗಲು ನೋಡಿದಳು, ನಿದ್ದೆ ಮಾತ್ರ ಬರಲಿಲ್ಲ.

ಸುಮ್ಮನೆಯೇನೂ ಕೂರಲಿಲ್ಲ ಅನ್ನಿ. ಹದಿನೈದು ದಿನದಲ್ಲಿ ಹೊಸ ಹಾಳೆ ಅಚ್ಚು ಹಾಕಿಸಿದಳು. 'ಏನಾದರೂ ಸಿಹಿ' ಎಂಬುದು ಹೋಗಿ 'ನೀರಿಗೆ ಮೂರು ಚಮಚ ಸಕ್ಕರೆ' ಎಂದಾಯಿತು. ನರ್ಸುಗಳು ಯಾಕೆ ಬದಲಾಯಿಸಿದ್ದು ಎಂದು ಕೇಳಿದರೆ, "ಸ್ಪಷ್ಟವಾಗಿರಲಿ ಅಂತ," ಎಂದಳು. ನರ್ಸುಗಳು ಅದನ್ನೇ ಮನೆಗಳಲ್ಲಿ ಹೇಳಿದರು. ಜನ ಹೊಸ ಹಾಳೆ ಇಸಿದುಕೊಂಡು, ಸಕ್ಕರೆ ಎಂಬ ಪದ ನೋಡಿ ಹುಬ್ಬೇರಿಸಿ, ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಗೋಡೆಯ ಮೇಲೆ ಹಳೆಯದೇ ಉಳಿಯಿತು.

ಸಂಶೋಧನೆಯ ಲೇಖನವೂ ಸಿದ್ಧವಾಗುತ್ತಿತ್ತು. ಮೊದಲ ಎರಡು ವರ್ಷದ ಲೆಕ್ಕದಲ್ಲಿ ಸಕ್ಕರೆ ಕುಸಿದು ಸತ್ತವರು ಎಂಬ ಕಡೆ ಸೊನ್ನೆ ಇತ್ತು. ಆ ಸೊನ್ನೆ ನೋಡಿ ಪೇಟೆಯ ಡಾಕ್ಟರುಗಳು ಬೆನ್ನು ತಟ್ಟಿದರು. ಕರಡು ಓದಿದ ಬೇರೆ ದೇಶದವರು ನಿಮ್ಮ ಹಾಗೇ ಮಾಡುತ್ತೇವೆ ಎಂದು ಕಾಗದ ಬರೆದರು. ಅವಳು ಉತ್ತರ ಬರೆಯಲು ಕೂತವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದಳು.

ಹೀಗೇ ಹನ್ನೊಂದು ತಿಂಗಳು ಕಳೆಯಿತು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ, ಹಿಂದಿನ ದಿನ ಮುದುಕ ತೊರಿಬಿಯೊ ಸಾಯುವ ಹಾಗಾಗಿದ್ದ ಎಂದು ಸುದ್ದಿ ಬಂತು. ಅವನೂ ಇನ್ನೂರ ಹನ್ನೆರಡರಲ್ಲಿ ಒಬ್ಬ. ಕಸಿಲ್ದಾ ಓಡಿದಳು. ಮುದುಕ ಮಾವಿನ ಮರದ ಕೆಳಗೆ ಕೂತು ಕೊಂಬಿನ ಲೋಟದಲ್ಲಿ ತೆರೆರೆ ಎಂಬ ತಣ್ಣನೆಯ ಮಾಟೆ ಹೀರುತ್ತಿದ್ದ. ಹೆಂಡತಿ ನ್ಯಾ ಬ್ರೂನಾ ಮರಗೆಣಸು ಸುಲಿಯುತ್ತ ಕೂತಿದ್ದಳು.

"ನೋಡಿ ಡಾಕ್ಟರಮ್ಮ," ಎಂದ ತೊರಿಬಿಯೊ, "ಆರು ವರ್ಷದಿಂದ ಇವಳು ಸೀಬೆಹಣ್ಣಿನ ಮಿಠಾಯಿ ನನ್ನ ಕಣ್ಣಿಗೆ ಬೀಳದ ಹಾಗೆ ಬಚ್ಚಿಡ್ತಾಳೆ. ನಿನ್ನೆ ನೋಡಿದ್ರೆ ಹಲ್ಲು ಬಿಡಿಸಿ ಬಿಡಿಸಿ ತುರುಕಿದ್ಲು. ಇನ್ನೊಂದ್ಸಲ ಬೆವರೋಣ ಅನ್ನಿಸ್ತಿದೆ."

"ಬಾಯಿ ಮುಚ್ಚು, ಕೋಣ," ಎಂದಳು ಬ್ರೂನಾ. "ಮೊದಲು ಸಿಹಿಸೊಪ್ಪಿನ ನೀರೇ ಕೊಟ್ಟೆ ಡಾಕ್ಟರಮ್ಮ. ಒಂದು ಲೋಟ, ಎರಡು ಲೋಟ, ಮೂರು ಲೋಟ. ಊಹೂಂ. ಕಣ್ಣು ಮೇಲಕ್ಕೆ ಹೋಯ್ತು. ಇವನು ಹೆಂಗಿದ್ರೂ ಹೋಗ್ತಾನೆ, ಆಸೆ ಪಟ್ಟಿದ್ದು ತಿಂದೇ ಹೋಗ್ಲಿ ಅಂತ ಮಿಠಾಯಿ ತುರುಕ್ದೆ. ಎದ್ದು ಕೂತ!"

ಕಸಿಲ್ದಾ ಅವಳ ಕಡೆ ತಿರುಗಿದಳು. "ಸಿಹಿಸೊಪ್ಪು ಯಾಕೆ ಕೊಟ್ರಿ? ಹೊಸ ಹಾಳೇಲಿ ಸಕ್ಕರೆ ಅಂತಿದೆಯಲ್ಲ?"

"ಅಯ್ಯೋ, ಸಕ್ಕರೆ ಮನೇಲಿ ಎಲ್ಲಿದೆ? ಸಿಹಿಸೊಪ್ಪು ಎಲಿಹಿಯಾ ತಂದುಕೊಡ್ತಾಳಲ್ಲ. ಪುಣ್ಯಾತ್ಗಿತ್ತಿ, ತಾಯಿ ಹೆಸರಲ್ಲಿ ಪ್ರತಿ ತಿಂಗಳು ಕಟ್ಟು ಕಟ್ಟಿ ಮನೆಮನೆಗೆ ಕೊಡ್ತಾಳೆ. 'ಬೆವರು ಬಂದ್ರೆ ಇದನ್ನೇ ಹಿಂಡಿ ಕುಡಿಸಿ, ನಮ್ಮಮ್ಮಂಗೂ ಇದನ್ನೇ ಕುಡಿಸ್ದೆ, ಡಾಕ್ಟರಮ್ಮ ಚೆನ್ನಾಗಿ ಮಾಡ್ದೆ ಅಂದ್ರು' ಅಂತಾಳೆ."

ನಾಚಿಕೆಯಿಂದ ಸತ್ತುಹೋಗುವುದು ಎನ್ನುವುದನ್ನು ನಾವು ಸುಮ್ಮನೆ ಮಾತಿಗೆ ಹೇಳುತ್ತೇವೆ. ಆ ಮಾವಿನ ಮರದ ಕೆಳಗೆ ಕಸಿಲ್ದಾಗೆ ಅದು ಮೈಯಲ್ಲಿ ನಡೆಯಿತು. ತನ್ನ ಬಾಯಿಂದ ಬಂದ ಸುಳ್ಳು ಮನೆಮನೆ ಹೊಕ್ಕಿತ್ತು. ಇವತ್ತು ಮಿಠಾಯಿ ಇತ್ತು, ಮುದುಕ ಬದುಕಿದ. ನಾಳೆ ಯಾವ ಮನೆಯಲ್ಲಿ ಮಿಠಾಯಿ ಇರುತ್ತದೆ?

ಅಲ್ಲೇ ಬ್ರೂನಾಗೆ ಹೇಳಿಬಿಡಬಹುದಿತ್ತು. ಆದರೆ ಎಲಿಹಿಯಾ ಇದನ್ನು ಊರ ಬಾಯಿಂದ ಕೇಳಬಾರದು. ಅಷ್ಟು ಮರ್ಯಾದೆಯಾದರೂ ಉಳಿಸಿಕೊಳ್ಳಬೇಕು. "ಇನ್ನು ಬೆವರು ಬಂದ್ರೆ ಮಿಠಾಯೀನೇ ಕೊಡಿ, ಸೊಪ್ಪು ಮುಟ್ಟಬೇಡಿ. ಮಧ್ಯಾಹ್ನದೊಳಗೆ ಬಂದು ಯಾಕೆ ಅಂತ ಹೇಳ್ತೀನಿ," ಎಂದು ಎದ್ದಳು.

ಎಲಿಹಿಯಾ ಹೊಲಿಗೆ ಯಂತ್ರದ ಮುಂದಿದ್ದಳು. ಡಾಕ್ಟರನ್ನು ನೋಡಿ ಮುಖ ಅರಳಿಸಿಕೊಂಡು ಕುರ್ಚಿ ಎಳೆದಳು.

"ಕೂರಲ್ಲ ಎಲಿಹಿಯಾ. ನಿಂತೇ ಹೇಳ್ತೀನಿ. ಸಿಹಿಸೊಪ್ಪಲ್ಲಿ ಸಕ್ಕರೆ ಇಲ್ಲ. ಸಕ್ಕರೆ ಕುಸಿದವರಿಗೆ ಅದು ಬರೀ ನೀರು. ನಿಮ್ಮಮ್ಮಂಗೆ ಅವತ್ತು ಬೇಕಿದ್ದು ಸಕ್ಕರೆ. ನಾನು ಹಾಳೇಲಿ ಸಕ್ಕರೆ ಅಂತ ಬರೀಲಿಲ್ಲ. ಬರೀರಿ ಅಂತ ಹೇಳಿದೋರ ಹತ್ರ ಜಗಳ ಆಡಿ, ಏನಾದ್ರೂ ಸಿಹಿ ಅಂತ ಬರೆದೆ. ರಕ್ತ ಪರೀಕ್ಷೆ ಆಗಿಲ್ಲ, ಆಣೆ ಇಟ್ಟು ಹೇಳಕ್ಕಾಗಲ್ಲ. ಆದ್ರೆ ನನ್ನ ಮನಸ್ಸಿಗೆ ಗೊತ್ತು. ನಿಮ್ಮಮ್ಮ ಹೋಗಿದ್ದು ಅದರಿಂದ್ಲೇ."

ಎಲಿಹಿಯಾ ಯಂತ್ರದ ಸೂಜಿಯನ್ನೇ ನೋಡುತ್ತ ಕೂತಳು. ಅರ್ಧ ಹೊಲಿದ ಬಿಳಿ ಮೇಲಂಗಿ ತೊಡೆಯ ಮೇಲಿತ್ತು. ಅತ್ತುಬಿಡಲಿ, ಉಗಿಯಲಿ, ಹೊಡೆಯಲಿ ಎಂದು ಕಸಿಲ್ದಾ ಕಾದಳು.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದಳು ಕಡೆಗೆ.

"ಒಂಬತ್ತನೇ ದಿನ. ನೀನು ಹೇಳ್ದಾಗಲೇ."

"ನನ್ನ ಕೈ ಹಿಡ್ಕೊಂಡು ಚೆನ್ನಾಗಿ ನೋಡ್ಕೊಂಡೆ ಅಂದ್ರಲ್ಲ, ಆಗ?"

"ಹೂಂ. ಆಗ ಗೊತ್ತಿತ್ತು."

ಎಲಿಹಿಯಾ ಬೆರಳು ಮಡಿಸಿ ಮಡಿಸಿ ಎಣಿಸಿದಳು. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದದ್ದು ಮನೆಗಳನ್ನು.

"ಹದಿನಾಲ್ಕು," ಎಂದಳು. "ಹದಿನಾಲ್ಕು ಮನೆಗೆ ಸೊಪ್ಪು ಕೊಟ್ಟಿದ್ದೀನಿ. ಅಮ್ಮನ್ನ ನಾನು ಗೊತ್ತಿಲ್ದೆ ಕಳ್ಕೊಂಡೆ ಡಾಕ್ಟರಮ್ಮ. ಅದನ್ನ ನಾನೂ ದೇವರೂ ಮಾತಾಡ್ಕೋತೀವಿ. ನೀವು ಹಾಳೆ ತಪ್ಪು ಬರೆದ್ರಿ, ಅದೂ ಗೊತ್ತಿಲ್ದೆ ಬರೆದದ್ದು. ಬಿಡಿ. ಆದ್ರೆ ಗೊತ್ತಿದ್ದೂ ಹನ್ನೊಂದು ತಿಂಗಳು ನನ್ನ ಈ ಬಿಸಿಲಲ್ಲಿ ಊರೆಲ್ಲ ಅಲೆಯೋಕೆ ಬಿಟ್ರಿ. ಅಮ್ಮನ ಹೆಸರು ಹೇಳ್ಕೊಂಡು."

"ನಿನಗೆ ನೋವಾಗ್ಬಾರದು ಅಂತ..."

"ನನ್ನ ಹೆಸರು ಹೇಳ್ಬೇಡಿ. ನಿಮಗೆ ನೋವಾಗ್ಬಾರದು ಅಂತ."

ಕಸಿಲ್ದಾ ತಲೆ ತಗ್ಗಿಸಿದಳು. ಹನ್ನೊಂದು ತಿಂಗಳು ಅವಳು ತನ್ನೊಳಗೇ ಅನ್ನಲು ಹೆದರಿದ ಮಾತನ್ನು ಮೇಲಂಗಿ ಹೊಲಿಯುವವಳು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು.

ಎಲಿಹಿಯಾ ಎದ್ದಳು. ಮೇಲಂಗಿಯನ್ನು ಮಡಿಸಿಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲು ಎಳೆದಳು. "ನಡೀರಿ. ಬಾಗಿಲು ನಾನು ತಟ್ತೀನಿ. ಹೇಳೋದು ನೀವು."

ಇಬ್ಬರೂ ನಡೆದರು. ಜೀಪು ಹತ್ತಲು ಎಲಿಹಿಯಾ ಒಪ್ಪಲಿಲ್ಲ. ಮೊದಲ ಮನೆ ತೊರಿಬಿಯೊನದೇ. ಅಲ್ಲಿ ಕಸಿಲ್ದಾಳ ದನಿ ಎರಡು ಸಲ ಒಡೆಯಿತು. "ನ್ಯಾ ಸೆಫೆರಿನಾ ಸತ್ತದ್ದು ನಾನು ಬರೆದ ಹಾಳೆಯಿಂದ. ನನಗೆ ಗೊತ್ತಾಗಿ ಹನ್ನೊಂದು ತಿಂಗಳಾಯ್ತು. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಅದರಿಂದ ನಿನ್ನೆ ನೀವೂ ಹೋಗ್ತಿದ್ರಿ," ಎಂದಳು. ಮುದುಕ ತಮಾಷೆ ಮರೆತು ಕೂತ. ಬ್ರೂನಾ ಎದ್ದು ಬಂದು ಡಾಕ್ಟರ ಬೆನ್ನು ಸವರಿದಳು. "ಮನಸ್ಸಿಗೆ ಹಚ್ಕೋಬೇಡಿ ತಾಯಿ. ಅವಳ ಗಳಿಗೆ ಬಂದಿತ್ತು, ಹೋದ್ಲು," ಎಂದಳು. ಆ ಬೆನ್ನು ಸವರಿದ್ದು ಕಸಿಲ್ದಾಗೆ ಹೊಡೆತಕ್ಕಿಂತ ಕಷ್ಟವಾಯಿತು.

ಎಲ್ಲ ಕಡೆಯೂ ಅದೇ ಆಯಿತು. ಜನ ಗೋಡೆಯ ಹಾಳೆ ಕಿತ್ತರು, ಸೊಪ್ಪಿನ ಕಟ್ಟನ್ನು ಬೇರೆ ಇಟ್ಟರು, ಪಕ್ಕದ ಮನೆಯಿಂದ ಸಕ್ಕರೆ ತಂದಿಟ್ಟುಕೊಂಡರು, ಡಾಕ್ಟರಿಗೆ ಸಮಾಧಾನ ಹೇಳಿದರು, ತಣ್ಣೀರು ಕೊಟ್ಟರು, ಒಬ್ಬಳು ಬಿಸಿ ಚಿಪಾ ರೊಟ್ಟಿ ಕಟ್ಟಿಕೊಟ್ಟಳು. ಇಷ್ಟು ಸುಲಭವಾಗಿ ಕ್ಷಮಿಸುವವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಅಭ್ಯಾಸವಾಗಿಬಿಡುತ್ತದೆ. ಎಲಿಹಿಯಾ ಮಾತ್ರ ಬಾಗಿಲ ಹೊರಗೇ ನಿಂತಿರುತ್ತಿದ್ದಳು. ನೀರೂ ಕುಡಿಯಲಿಲ್ಲ.

ಹದಿಮೂರನೇ ಮನೆಯಿಂದ ಹೊರಬಿದ್ದಾಗ ಹೊತ್ತು ಇಳಿಮುಖವಾಗಿತ್ತು. ಕಸಿಲ್ದಾಳ ಎದೆ ಕೊಂಚ ಹಗುರಾಗಿತ್ತು. ನಾಳೆ ಬೆಳಿಗ್ಗೆ ಲೇಖನದ ಸೊನ್ನೆಯನ್ನೂ ತಿದ್ದಿ ಕಳಿಸುತ್ತೇನೆ, ಅಲ್ಲಿಗೆ ಮುಗಿಯಿತು ಎಂದು ಯೋಚಿಸುತ್ತಿದ್ದಳು. ಮುಂದೆ ನಡೆಯುತ್ತಿದ್ದ ಎಲಿಹಿಯಾ ನಿಂತು ತಿರುಗಿದಳು.

"ಡಾಕ್ಟರಮ್ಮ, ಆ ಹನ್ನೊಂದು ತಿಂಗಳು ಎಲ್ಲಿ ಹೋಯ್ತು?"

"ಯಾವುದು?"

"ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ಅಂತ ಮೊದಲ ನಾಲ್ಕು ಮನೇಲಿ ಹೇಳಿದ್ರಿ. ಐದನೇ ಮನೆಯಿಂದ ಬಿಟ್ರಿ. ಹಾಳೆ ತಪ್ಪಾಗಿತ್ತು, ಈಗ ಸರಿ ಮಾಡಿದ್ದೀನಿ, ಸಕ್ಕರೆ ಕೊಡಿ ಅಂತೀರಿ, ಅಷ್ಟೇ. ಹುಡುಗರಿಗೆ ಪಾಠ ಹೇಳೋ ಹಾಗೆ."

ಕಸಿಲ್ದಾ ನೆನಪು ಮಾಡಿಕೊಂಡಳು. ನಿಜವಾಗಿತ್ತು. ಬೇಕೆಂದು ಬಿಟ್ಟಿರಲಿಲ್ಲ. ತುತ್ತಿನಲ್ಲಿ ಮೂಳೆ ಬಂದರೆ ನಾಲಿಗೆ ಪಕ್ಕಕ್ಕೆ ತಳ್ಳುವ ಹಾಗೆ ಅದು ತಾನೇ ಸರಿದುಹೋಗಿತ್ತು.

"ಒಂಬತ್ತು ಮನೆ," ಎಂದಳು ಎಲಿಹಿಯಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. "ಈ ಕಡೇ ಮನೆ ಮುಗಿಸಿ, ಆ ಒಂಬತ್ತಕ್ಕೂ ವಾಪಸ್ ಹೋಗೋಣ."

ಹದಿನಾಲ್ಕನೆಯ ಬಾಗಿಲನ್ನು ತಟ್ಟಿ ಅವಳು ಪಕ್ಕಕ್ಕೆ ಸರಿದು ನಿಂತಳು. ಬಾಗಿಲು ತೆರೆಯಿತು. ಕಸಿಲ್ದಾ ಈ ಸಲ ಹನ್ನೊಂದು ತಿಂಗಳಿಂದಲೇ ಶುರುಮಾಡಿದಳು.